ಎದ್ದು ನಿಲ್ಲುವ ಮೊದಲು

ಮುಂಬಯಿಯ ನಮ್ಮ ಕನ್ನಡ ಸಂಘದಲ್ಲಿ ನನಗೆ ಇರುವುದು ಒಂದೇ ಕೆಲಸ. ಸತ್ತವರ ಪಟ್ಟಿ ಮಾಡುವುದು.

ಹೀಗೆ ಹೇಳಿದರೆ ಹೆಂಡತಿಗೆ ಸಿಟ್ಟು ಬರುತ್ತದೆ. "ನುಡಿನಮನ ಅಂತ ಹೇಳೋಕೆ ಏನು ಕಷ್ಟ ನಿಮಗೆ?" ಅನ್ನುತ್ತಾಳೆ. ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಹಾಗೇ ಅಚ್ಚಾಗುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ, ನುಡಿನಮನ, ಆಮೇಲೆ ವರದಿ, ಲೆಕ್ಕಪತ್ರ, ಸನ್ಮಾನ, ಮಕ್ಕಳ ನೃತ್ಯ, ಊಟ. ನಾನು ಮೈಕ್ ಮುಂದೆ ನಿಂತು ಆ ವರ್ಷ ತೀರಿಕೊಂಡ ದೊಡ್ಡವರ ಹೆಸರು ಓದುತ್ತೇನೆ, ಕೊನೆಗೆ ನಮ್ಮ ಸಂಘದವರದ್ದು. ಎಲ್ಲರೂ ಎದ್ದು ನಿಲ್ಲುತ್ತಾರೆ. ಒಂದು ನಿಮಿಷ ಮೌನ. ಒಂದು ನಿಮಿಷ ಅನ್ನುವುದು ಬರೀ ಮಾತಿಗೆ. ಒಮ್ಮೆ ನಾನು ವಾಚು ನೋಡಿಕೊಂಡಿದ್ದೆ. 35 ಸೆಕೆಂಡಿಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು, ಕುರ್ಚಿಗಳು ಕಿರ್ರೆಂದವು.

ಈ ಕೆಲಸ ನನಗೆ ಬಂದದ್ದು ಕೈಬರಹದಿಂದ. ಕರಾವಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಬ್ಯಾಂಕೊಂದರಲ್ಲಿ 34 ವರ್ಷ ಇದ್ದೆ. ಅಕ್ಷರ ದುಂಡಗಿದೆ, ಕನ್ನಡಕ ಹಾಕದಿದ್ದರೂ ಓದಬಹುದು ಅಂತ ಆಗಿನ ಕಾರ್ಯದರ್ಶಿ ಚೀಟಿ ನನ್ನ ಕೈಗೆ ಕೊಟ್ಟರು. ಅಂಥ ಬ್ಯಾಂಕುಗಳೂ ಈಗ ಒಂದೊಂದಾಗಿ ಇಲ್ಲವಾಗಿವೆ. 2019ರ ಏಪ್ರಿಲ್‌ನಲ್ಲಿ ವಿಜಯಾ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್, ಎಲ್ಲ ಬೇರೆ ಬ್ಯಾಂಕುಗಳ ಹೊಟ್ಟೆ ಸೇರಿದವು. ಅವಕ್ಕೆ ಯಾರೂ ಎದ್ದು ನಿಲ್ಲಲಿಲ್ಲ. ಇರಲಿ.

ಈ ಸಲ ಪಟ್ಟಿ ಉದ್ದವಾಗಿತ್ತು. ಹಾಲ್ ರಿಪೇರಿ ಅಂತ ಹೋದ ವರ್ಷ ವಾರ್ಷಿಕೋತ್ಸವವೇ ಆಗಲಿಲ್ಲ. ಹಾಗಾಗಿ 2024ರ ಕೊನೆಯಿಂದ 2025ರ ಕೊನೆಯವರೆಗೆ ಹೋದವರೆಲ್ಲ ಒಟ್ಟಿಗೆ ನನ್ನ ಟೇಬಲ್ ಮೇಲೆ ಬಂದು ಕುಳಿತರು. 2024ರ ಆ ಒಂದು ಡಿಸೆಂಬರನ್ನೇ ನೋಡಿ. 10ಕ್ಕೆ ಎಸ್.ಎಂ. ಕೃಷ್ಣ. 15ಕ್ಕೆ ತಬಲಾದ ಜಾಕಿರ್ ಹುಸೇನ್. 23ಕ್ಕೆ ಸಿನಿಮಾ ನಿರ್ದೇಶಕ ಶ್ಯಾಮ್ ಬೆನಗಲ್. 25ಕ್ಕೆ ಮಲಯಾಳದ ಸಾಹಿತಿ ಎಂ.ಟಿ. ವಾಸುದೇವನ್ ನಾಯರ್. 26ಕ್ಕೆ ಮನಮೋಹನ್ ಸಿಂಗ್. ಕ್ಯಾಲೆಂಡರ್ ನೋಡಲು ಹೆದರಿಕೆ ಆಗುತ್ತಿತ್ತು. ನುಡಿನಮನಕ್ಕೆ ನನಗೆ ಕೊಟ್ಟ ಸಮಯ ಮೂರು ನಿಮಿಷ. ಮುಖ್ಯ ಅತಿಥಿಗಳು ವಾಪಸ್ ಬೊರಿವಲಿಗೆ ಹೋಗಬೇಕಂತೆ.

ತೀರಿಕೊಂಡವರ ಬಗ್ಗೆ ಬರೆಯುವ ಕನ್ನಡ ಒಂದು ಬೇರೆಯೇ ಕನ್ನಡ. ಬದುಕಿದ್ದಾಗ ಆ ಮಾತುಗಳನ್ನು ಯಾರೂ ಯಾರಿಗೂ ಬಳಸುವುದಿಲ್ಲ. ವಿಧಿವಶ, ದೈವಾಧೀನ, ಅಸ್ತಂಗತ, ಇಹಲೋಕ ಯಾತ್ರೆ ಮುಗಿಸಿದರು. ದೊಡ್ಡವರಾದರೆ 'ತುಂಬಲಾರದ ನಷ್ಟ'. ಇನ್ನೂ ದೊಡ್ಡವರಾದರೆ 'ನಾಡು ಬಡವಾಯಿತು'. ಎಲ್ಲರೂ 'ಅಪಾರ ಬಂಧುಬಳಗವನ್ನು' ಅಗಲುತ್ತಾರೆ. ಸ್ವಲ್ಪವೇ ಬಂಧುಗಳಿದ್ದವರು ಸತ್ತ ಸುದ್ದಿಯನ್ನು ನಾನು ಇವತ್ತಿನವರೆಗೆ ಓದಿಲ್ಲ. ಆಮೇಲೆ ಪ್ರಶಸ್ತಿಗಳ ಸಾಲು. ಪದ್ಮಶ್ರೀ ಇಂಥ ವರ್ಷ, ಪದ್ಮಭೂಷಣ ಇಂಥ ವರ್ಷ, ಗೌರವ ಡಾಕ್ಟರೇಟ್ ಇಷ್ಟು. ಓದಿ ಮುಗಿಸಿದ ಮೇಲೆ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ ಅಂತ ಮಾತ್ರ ಗೊತ್ತಾಗುವುದಿಲ್ಲ.

ಇದು ನನಗೆ ಮೊದಲು ಚುಚ್ಚಿದ್ದು ಅಪ್ಪ ಹೋದಾಗ. ಊರಿನ ಸಂಬಂಧಿಕರೊಬ್ಬರು ದುಡ್ಡು ಕೊಟ್ಟು ಪೇಪರಿನಲ್ಲಿ ಹಾಕಿಸಿದರು: 'ಸಮಾಜಸೇವಕ, ಕೊಡುಗೈ ದಾನಿ'. ಅಪ್ಪ ಫೋರ್ಟಿನ ಹೋಟೆಲೊಂದರ ಅಡುಗೆಮನೆಯಲ್ಲಿ 40 ವರ್ಷ ಕಳೆದವರು. ಮೊದಲು ಕಪ್ಪು ಬಸಿ ತೊಳೆದರು. ಅಲ್ಲಿಂದ ರುಬ್ಬುವ ಕಲ್ಲಿಗೆ ಬಡ್ತಿ. ಅಲ್ಲಿಂದ ದೋಸೆ ಕಾವಲಿಗೆ. ದಾನ ಮಾಡುವಷ್ಟು ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಬಲಗೈ ಮಣಿಕಟ್ಟಿನ ಮೇಲೆ ಎಣ್ಣೆ ಹಾರಿ ಆದ ಕಲೆಗಳಿದ್ದವು, ಸಾಸಿವೆ ಚೆಲ್ಲಿದ ಹಾಗೆ. ಮಗುವಾಗಿದ್ದಾಗ ಅವನ್ನು ಎಣಿಸುತ್ತಾ ನಿದ್ದೆ ಹೋಗುತ್ತಿದ್ದೆ. ಪೇಪರಿನ ಆ ಚೌಕದಲ್ಲಿ ಫೋಟೋ ಒಂದು ಬಿಟ್ಟರೆ ಅಪ್ಪ ಎಲ್ಲೂ ಇರಲಿಲ್ಲ.

ಅದಕ್ಕೇ ಈ ಸಲ ಒಂದು ನಿಯಮ ಹಾಕಿಕೊಂಡೆ. ಒಬ್ಬೊಬ್ಬರಿಗೆ ಒಂದೇ ವಾಕ್ಯ. ಆ ವಾಕ್ಯದಲ್ಲಿ ಪ್ರಶಸ್ತಿ ಇರಬಾರದು. ಮಾಡಿದ ಕೆಲಸ ಇರಬೇಕು, ಆದರೆ ಒಂದು ದಿನದ ಕೆಲಸದಷ್ಟು ಸಣ್ಣದಾಗಿ, ಕಣ್ಣಿಗೆ ಕಾಣುವ ಹಾಗೆ.

ಕಮಿಟಿಗೆ ಹೇಳಿದೆ. ಒಬ್ಬರಿಗೂ ಇಷ್ಟ ಆಗಲಿಲ್ಲ.

ಮೊದಲ ಜಗಳ ಯಾರ ಹೆಸರು ಮೊದಲು ಅನ್ನುವುದಕ್ಕೆ. ಎಸ್.ಎಂ. ಕೃಷ್ಣ ಕರ್ನಾಟಕದ ಮುಖ್ಯಮಂತ್ರಿ ಮಾತ್ರ ಅಲ್ಲ, 2004ರಿಂದ 2008ರವರೆಗೆ ಮಹಾರಾಷ್ಟ್ರದ ರಾಜ್ಯಪಾಲರು, ಮಲಬಾರ್ ಹಿಲ್‌ನ ರಾಜಭವನದಲ್ಲಿ ಇದ್ದವರು. ನಮ್ಮ ಭಾಷೆಯವರು ಅಲ್ಲಿ ಕೂತಿದ್ದು ನಮಗೆಲ್ಲ ಹೆಮ್ಮೆಯೇ. ಆದರೆ ಪ್ರಧಾನಿಯಾಗಿದ್ದವರು ಇದ್ದಾರಲ್ಲ? ಅವರು ಮೊದಲಲ್ವಾ? ಖಜಾಂಚಿಗಳು ಅಕಾರಾದಿ ಅಂದರು. ಒಬ್ಬ ಅಕ್ಕ, "ಬಿ. ಸರೋಜಾದೇವಿ ಹೆಸರು ಬಿಟ್ಟರೆ ನಾನು ಆ ದಿನ ಊಟ ಬಡಿಸೋಕೆ ಬರಲ್ಲ" ಅಂದರು. ಬಿಡುವ ಮಾತೇ ಇರಲಿಲ್ಲ, 2025ರ ಜುಲೈ 14ಕ್ಕೇ ಬರೆದಿಟ್ಟಿದ್ದೆ. ಕೊನೆಗೆ ಸಾವಿನ ತಾರೀಖಿನ ಪ್ರಕಾರ ಅಂತ ಆಯಿತು. ಸಾವಿನಲ್ಲಾದರೂ ಕ್ಯೂ ಇರಲಿ.

ತಾರೀಖಿನದೂ ಒಂದು ಕಥೆ. ನಾನು ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಜಾಕಿರ್ ಹುಸೇನ್ ಹೋದರು ಅಂತ ಆ ಭಾನುವಾರ ರಾತ್ರಿ ಸುದ್ದಿ ಬಂತು, ಇಲ್ಲ ಇನ್ನೂ ಇದ್ದಾರೆ ಅಂತ ಮತ್ತೊಂದು ಬಂತು, ಬೆಳಿಗ್ಗೆ ಎದ್ದರೆ ಮನೆಯವರೇ ಖಚಿತ ಮಾಡಿದ್ದರು. ಮಾಹೀಮಿನಲ್ಲಿ ಬೆಳೆದ ಹುಡುಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡ. ಧರ್ಮೇಂದ್ರ ವಿಷಯದಲ್ಲಿ ಇನ್ನೂ ಎಡವಟ್ಟು. 2025ರ ನವೆಂಬರ್ 11ರ ಬೆಳಿಗ್ಗೆ ಹೋದರು ಅಂತ ಟೀವಿಯಲ್ಲಿ ಬಂದೇ ಬಿಟ್ಟಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರ, ಓಂ ಶಾಂತಿ, ಹಳೆ ಹಾಡು. ಆಮೇಲೆ ಅವರ ಮಗಳೇ, ಅಪ್ಪ ಇದ್ದಾರೆ ಅಂತ ಹೇಳಬೇಕಾಯಿತು. ಎಲ್ಲರೂ ಗಡಿಬಿಡಿಯಲ್ಲಿ ಅಳಿಸಿದರು. ಅಳಿಸಲು ಬಾರದ ಖಜಾಂಚಿಗಳು ಮಾತ್ರ 'ಓಂ ಶಾಂತಿ ವಾಪಸ್' ಅಂತ ಬರೆದು ಹಾಕಿದರು. ಧರ್ಮೇಂದ್ರ ಹೋದದ್ದು 24ಕ್ಕೆ, 90 ತುಂಬಲು ಎರಡು ವಾರ ಇರುವಾಗ. ಆ ಹೊತ್ತಿಗೆ ಗುಂಪಿನಲ್ಲಿ ಓಂ ಶಾಂತಿ ಹಾಕಲೂ ಎಲ್ಲರಿಗೂ ಹೆದರಿಕೆ.

ನಾನು ಜಾಸ್ತಿ ಹೊತ್ತು ಕಳೆದದ್ದು ಬೆನಗಲ್ ಅವರ ವಾಕ್ಯಕ್ಕೆ.

ಅವರು ನಮ್ಮವರು ಅಂತ ಹೇಳಿಕೊಳ್ಳಲು ನಮಗೆ ದಾರಿ ಬೇಕಾದಷ್ಟು. ಮನೆಮಾತು ಕೊಂಕಣಿ, ತಂದೆಯ ಕಡೆಯ ಮೂಲ ಕರ್ನಾಟಕ, ಹುಟ್ಟಿದ್ದು ಬೆಳೆದದ್ದು ಸಿಕಂದರಾಬಾದಿನ ತಿರುಮಲಗಿರಿ. ತಂದೆ ಫೋಟೋ ತೆಗೆಯುವವರು. ಬೆಂಗಳೂರಲ್ಲಿ ಹುಟ್ಟಿದ ಗುರುದತ್ ಸಂಬಂಧದಲ್ಲಿ ಅಣ್ಣ, ಇವರ ಅಜ್ಜಿ ಅವರ ಅಜ್ಜಿ ಅಕ್ಕತಂಗಿಯರು. ಮುಂಬಯಿಯ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದ ಅನಂತನಾಗ್ ಅವರನ್ನು ತಮ್ಮ ಮೊದಲ ಚಿತ್ರ 'ಅಂಕುರ್'ಗೆ ಕರೆದುಕೊಂಡವರು. ಗಿರೀಶ್ ಕಾರ್ನಾಡರನ್ನು 'ಮಂಥನ್' ಚಿತ್ರಕ್ಕೆ ಹಾಕಿಕೊಂಡು ಹಿಂದಿ ಜನ ಹಾಲಿನ ಡಾಕ್ಟರು ಅಂತ ಗುರುತಿಸುವ ಹಾಗೆ ಮಾಡಿದವರು. ಇಷ್ಟು ಸಾಕಲ್ವಾ, ಶಾಲು ಹೊದಿಸಲು?

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. 'ಅಂಕುರ್' ಬಂದದ್ದು 1974ರಲ್ಲಿ. ಬೆನಗಲ್ ಹುಟ್ಟಿದ್ದು 1934ರ ಡಿಸೆಂಬರ್ 14. ಅಂದರೆ ಮೊದಲ ಕಥಾಚಿತ್ರದ ಹೊತ್ತಿಗೆ ಅವರಿಗೆ 39. ಕಥೆ ಕಾಲೇಜಿನ ದಿನಗಳಿಂದಲೇ ತಲೆಯಲ್ಲಿತ್ತು. ದುಡ್ಡು ಹಾಕುವವರು ಸಿಗಲು ಹತ್ತು ಹನ್ನೆರಡು ವರ್ಷಕ್ಕೂ ಮೇಲೆ ಹಿಡಿಯಿತು. ಅಷ್ಟು ವರ್ಷ ಏನು ಮಾಡಿದರು? 1959ರಲ್ಲಿ ಮುಂಬಯಿಯ ಜಾಹೀರಾತು ಕಂಪನಿಗೆ ಕಾಪಿ ಬರೆಯಲು ಸೇರಿದರು. ಆಮೇಲೆ ಜಾಹೀರಾತು ಚಿತ್ರ, ಸಾಕ್ಷ್ಯಚಿತ್ರ. ಒಂದಲ್ಲ ಎರಡಲ್ಲ, ಎಲ್ಲ ಸೇರಿ 900ಕ್ಕೂ ಹೆಚ್ಚು ಮಾಡಿದರು ಅನ್ನುತ್ತಾರೆ. 900! ಬ್ಯಾಂಕಿನವನ ಬುದ್ಧಿ, ನಾನು ಭಾಗಾಕಾರ ಮಾಡಿದೆ. 15 ವರ್ಷಕ್ಕೆ ಹಂಚಿದರೂ ವಾರಕ್ಕೆ ಒಂದಕ್ಕಿಂತ ಜಾಸ್ತಿ. ಯಾರದೋ ಸರಕು ಮಾರಿಕೊಡಲು ಪ್ರತಿ ವಾರ ಬೆಳಕು ಜೋಡಿಸು, ಅರ್ಧ ನಿಮಿಷದಲ್ಲಿ ಮಾತು ಮುಗಿಸು. ಕಥೆಯ ಕಾಗದ ಡ್ರಾಯರಿನಲ್ಲಿ.

ಸಿನಿಮಾ ಬಂದ ಮೇಲೆ ಎಲ್ಲರೂ ಅದನ್ನು ಹೊಸ ಅಲೆ ಅಂದರು. ಅಲೆ ಅಂದರೆ ಎಲ್ಲಿಂದಲೋ ಎದ್ದು ಬಂದ ಹಾಗೆ ಕೇಳಿಸುತ್ತದೆ. ನನಗೆ ಕಾಣುವುದು ಆ ಕೆಲಸದ ರಾಶಿ. 'ಅಂಕುರ್' ಶಬಾನಾ ಆಜ್ಮಿಗೂ ಮೊದಲ ಚಿತ್ರ, ಆದರೆ ಅದರಲ್ಲಿ ಕ್ಯಾಮೆರಾ ಎಲ್ಲೂ ತಡವರಿಸುವುದಿಲ್ಲ. ನೂರಾರು ಸಲ ಕೈ ಸುಟ್ಟುಕೊಂಡ ಮೇಲೆ ಕಾವಲಿ ಎಷ್ಟು ಕಾದಿದೆ ಅಂತ ನೀರು ಚಿಮುಕಿಸದೆಯೇ ಗೊತ್ತಾಗುತ್ತದೆ. ಅಪ್ಪನಿಗೆ ಗೊತ್ತಾಗುತ್ತಿತ್ತು.

ನನ್ನ ವಾಕ್ಯ ಹೀಗೆ ಬರೆದೆ: 'ಶ್ಯಾಮ್ ಬೆನಗಲ್, ಮೊದಲ ಸಿನಿಮಾ ಮಾಡುವ ಮೊದಲು 15 ವರ್ಷ ಈ ಊರಿನಲ್ಲಿ ಜಾಹೀರಾತು ಮಾಡಿದವರು.'

ಅಧ್ಯಕ್ಷರು ಓದಿ ಕನ್ನಡಕ ತೆಗೆದರು. "ಎಂತ ಮಾರಾಯ್ರೆ, ಫಾಲ್ಕೆ ಪ್ರಶಸ್ತಿ ಬಂದ ಮನುಷ್ಯನಿಗೆ ಜಾಹೀರಾತು ಅಂತ ಹೇಳುದಾ? ಅವಮಾನ ಆಗುದಿಲ್ವಾ?"

ಆಗುವುದಿಲ್ಲ ಅಂದೆ. ಬೇಕಾದರೆ ಇನ್ನೊಂದು ಇದೆ ಅಂತ 'ಮಂಥನ್' ಕಥೆ ಹೇಳಿದೆ. 1976ರ ಚಿತ್ರ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋದದ್ದಲ್ಲ, ಸಂಘಕ್ಕೆ ಹಾಕಿದ ಹಾಲಿನ ದುಡ್ಡಿನಲ್ಲೇ ಒಂದು ಹೊತ್ತು 2 ರೂಪಾಯಿ ಕಡಿಮೆ ತಗೊಂಡರು. ಅಮುಲ್ ಕಟ್ಟಿದ ಕುರಿಯನ್ ಅವರ ಯೋಚನೆ ಅದು. ಚಿತ್ರ ಬಂದಾಗ ಅದೇ ಜನ ಲಾರಿ ಮಾಡಿಕೊಂಡು ಬಂದು ನೋಡಿದರು, ತಮ್ಮ ಸಿನಿಮಾ ಅಂತ. ಖಜಾಂಚಿಗಳ ಮುಖ ಅರಳಿತು. ನಮ್ಮ ಸಂಘದಲ್ಲಿ ವರ್ಷಕ್ಕೆ 200 ರೂಪಾಯಿ ಚಂದಾ ವಸೂಲಿ ಮಾಡಲು ಅವರು ಮೂರು ಸಲ ಫೋನ್ ಮಾಡಬೇಕು. "ಇದನ್ನೇ ಹೇಳಿ, ಇದನ್ನೇ ಹೇಳಿ" ಅಂದರು. ಆದರೆ ಅದು ರೈತರ ವಾಕ್ಯ ಆಗುತ್ತದೆ. ನಾನು ಜಾಹೀರಾತನ್ನೇ ಇಟ್ಟುಕೊಂಡೆ.

ನನ್ನದೇ ಒಂದು ನೆನಪು ಪಟ್ಟಿಯಲ್ಲಿ ಹಿಡಿಸಲಿಲ್ಲ, ಇಲ್ಲಿ ಹೇಳುತ್ತೇನೆ. 1988-89ರಲ್ಲಿ ದೂರದರ್ಶನದಲ್ಲಿ ಅವರ 'ಭಾರತ್ ಏಕ್ ಖೋಜ್' ಬರುತ್ತಿತ್ತು. 53 ಕಂತು. ಆಗ ಡೊಂಬಿವಲಿಯ ಚಾಳಿನಲ್ಲಿದ್ದೆವು, ಟೀವಿ ಇದ್ದದ್ದು ಪಕ್ಕದ ಮರಾಠಿ ಮನೆಯಲ್ಲಿ. ಮಹಾಭಾರತಕ್ಕೆ ಇಡೀ ಚಾಳು ತುಂಬುತ್ತಿತ್ತು, ಇದಕ್ಕೆ ಐದಾರು ಜನ. ಆದರೆ ಶಿವಾಜಿಯ ಕಂತು ಬಂದ ದಿನ ಬಾಗಿಲವರೆಗೂ ಜನ. ನಾಸಿರುದ್ದೀನ್ ಶಾ ಶಿವಾಜಿ, ಓಂ ಪುರಿ ಔರಂಗಜೇಬ. ಆ ಮನೆಯ ಅಜ್ಜಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕುಳಿತಿದ್ದವರು, ಶಿವಾಜಿ ಕಾಣಿಸಿದ ಕೂಡಲೇ ಮಡಿಲಲ್ಲಿದ್ದ ಸೊಪ್ಪು ಕೆಳಗಿಟ್ಟು ಸೆರಗು ತಲೆಮೇಲೆ ಎಳೆದುಕೊಂಡರು. ಟೀವಿಯ ಶಿವಾಜಿಗೆ. ಕಂತು ಮುಗಿಯುವವರೆಗೂ ಸೊಪ್ಪು ಮುಟ್ಟಲಿಲ್ಲ.

ಬೆನಗಲ್ ಅವರಿಗೆ 90 ತುಂಬಿದ ದಿನ ಅವರ ಹಳೆಯ ನಟನಟಿಯರೆಲ್ಲ ಸೇರಿದ್ದ ಫೋಟೋ ನೀವೂ ನೋಡಿರಬಹುದು. ಆಗ ಅವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹಾಗಿದ್ದರೂ ಮುಂದಿನ ಕೆಲಸಗಳ ಮಾತಾಡಿದ್ದರು. ಒಂಬತ್ತು ದಿನಕ್ಕೆ ಹೋದರು. ಮರುದಿನ ಶಿವಾಜಿ ಪಾರ್ಕಿನ ಸ್ಮಶಾನದಲ್ಲಿ ಸರ್ಕಾರಿ ಗೌರವ.

ಮೇ 20ರ ಸಾಲಿಗೆ ಬಂದಾಗ ಪೆನ್ಸಿಲ್ ಸ್ವಲ್ಪ ನಿಂತಿತು. 2025ರ ಆ ಒಂದೇ ದಿನ ಇಬ್ಬರು. ಪುಣೆಯಲ್ಲಿ ಜಯಂತ ನಾರಳೀಕರ್, ಊಟಿಯಲ್ಲಿ ಎಂ.ಆರ್. ಶ್ರೀನಿವಾಸನ್. ಒಬ್ಬರು ನಕ್ಷತ್ರದವರು, ಇನ್ನೊಬ್ಬರು ಅಣುವಿನವರು. ಇಬ್ಬರೂ ಈ ಊರಿನಲ್ಲಿ ವರ್ಷಗಟ್ಟಲೆ ದುಡಿದವರು.

ನಾರಳೀಕರ್ ಕೊಲಾಬದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1972ರಿಂದ ಇದ್ದರು. ಆಮೇಲೆ ಪುಣೆಯಲ್ಲಿ ಅಯೂಕಾ ಅನ್ನುವ ಖಗೋಳ ಸಂಶೋಧನಾ ಕೇಂದ್ರ ಕಟ್ಟಲು ಹೋದರು. ಅವರಿಗೆ 26 ವರ್ಷ ಆಗಿದ್ದಾಗಲೇ ಪದ್ಮಭೂಷಣ ಸಿಕ್ಕಿತ್ತು. ಅಯ್ಯೋ, ನೋಡಿ, ಹೇಳಬಾರದು ಅಂದುಕೊಂಡದ್ದನ್ನೇ ಹೇಳಿಬಿಟ್ಟೆ. ನನಗೆ ಅವರಲ್ಲಿ ಇಷ್ಟವಾಗುವುದು 1974ರ ಒಂದು ಕಳ್ಳತನ. ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕಥೆಗಳ ಸ್ಪರ್ಧೆ ಇಟ್ಟಿತ್ತು. ಇವರು ಕಥೆ ಬರೆದರು. ಹೆಸರು ನೋಡಿ ಬಹುಮಾನ ಕೊಟ್ಟಾರು ಅಂತ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಅಂತ ಹಾಕಿದರು. ಅಕ್ಷರ ಗುರುತು ಹತ್ತಿದರೆ? ಅದಕ್ಕೆ ಹೆಂಡತಿ ಮಂಗಲಾ ಅವರ ಕೈಯಲ್ಲಿ ಪ್ರತಿ ಮಾಡಿಸಿದರು. ಮೊದಲ ಬಹುಮಾನ ಬಂತು. ಮಂಗಲಾ ಸುಮ್ನೆ ನಕಲು ಮಾಡುವವರಲ್ಲ, ಅವರೇ ಗಣಿತಜ್ಞೆ. 2023ರ ಜುಲೈನಲ್ಲಿ ಅವರು ಹೋದರು.

ಮಕ್ಕಳು ಹಸ್ತಾಕ್ಷರ ಕೇಳಿದರೆ, ಒಂದು ಪ್ರಶ್ನೆ ಬರೆದು ಪೋಸ್ಟ್‌ಕಾರ್ಡ್ ಹಾಕಿ, ಉತ್ತರದ ಕೆಳಗೆ ಸಹಿ ಸಿಗುತ್ತದೆ ಅನ್ನುತ್ತಿದ್ದರಂತೆ. ಇದನ್ನು ಓದಿದ ಮೇಲೆ ವಾಕ್ಯ ತಾನಾಗಿಯೇ ಬಂತು.

ಬರೆಯದೆ ಬಿಟ್ಟದ್ದೂ ಒಂದಿದೆ. ವಿಶ್ವ ಮಹಾಸ್ಫೋಟದಿಂದ ಶುರುವಾಯಿತು ಅನ್ನುವುದನ್ನು ನಾರಳೀಕರ್ ಕೊನೆಯವರೆಗೂ ಒಪ್ಪಲಿಲ್ಲ. ಗುರು ಫ್ರೆಡ್ ಹಾಯ್ಲ್ ಜೊತೆ ಬೇರೆ ಲೆಕ್ಕ ಕಟ್ಟಿದರು. ಲೋಕದ ಹೆಚ್ಚಿನ ವಿಜ್ಞಾನಿಗಳು ಆ ಕಡೆ, ಇವರು ಬೆರಳೆಣಿಕೆಯ ಜನರೊಂದಿಗೆ ಈ ಕಡೆ, ಐವತ್ತು ವರ್ಷ. ನುಡಿನಮನಗಳಲ್ಲಿ ಇದನ್ನು ಮೆಲ್ಲಗೆ ಹಾರಿಸುತ್ತಾರೆ. ಸತ್ತವರು ಸೋತ ಕಡೆ ಇದ್ದರು ಅಂತ ಹೇಳುವುದು ಮರ್ಯಾದೆ ಅಲ್ಲ ಅನ್ನುವ ಹಾಗೆ. ನನಗಂತೂ ಅದೇ ದೊಡ್ಡದು ಅನಿಸುತ್ತದೆ. ಆದರೆ ಮೂರು ನಿಮಿಷದಲ್ಲಿ ಮಹಾಸ್ಫೋಟ ಎಲ್ಲಿ ಹಿಡಿಸುವುದು?

ಶ್ರೀನಿವಾಸನ್ ಹೆಸರಿಗೆ ಮಾತ್ರ ಗಲಾಟೆಯೇ ಆಯಿತು. ಬೆಂಗಳೂರಲ್ಲಿ ಹುಟ್ಟಿ, ಅಲ್ಲೇ ಎಂಜಿನಿಯರಿಂಗ್ ಮುಗಿಸಿ, 1955ರ ಸೆಪ್ಟೆಂಬರ್‌ನಲ್ಲಿ ಅಣುಶಕ್ತಿ ಇಲಾಖೆಗೆ ಸೇರಿದಾಗ ಅವರಿಗೆ 25. ಹೋಮಿ ಭಾಭಾ ಜೊತೆ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರಿನ ಕೆಲಸ. 1956ರ ಆಗಸ್ಟ್‌ನಲ್ಲಿ ಅದು ನಡೆಯಿತು. ನಂತರ ದೇಶದ ಮೊದಲ ಅಣುವಿದ್ಯುತ್ ಕೇಂದ್ರ ತಾರಾಪುರಕ್ಕೆ ಮುಖ್ಯ ಯೋಜನಾ ಎಂಜಿನಿಯರ್, ಆಮೇಲೆ ಕಲ್ಪಾಕಂ, 1987ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷ. ನಾನು ವಾಕ್ಯ ಬರೆದದ್ದು ತಾರಾಪುರದ ಮೇಲೆ. 1969ರಿಂದ ಅಲ್ಲಿಯ ಕರೆಂಟು ಮಹಾರಾಷ್ಟ್ರ ಗುಜರಾತಿಗೆ ಬರುತ್ತಿದೆ.

ನಮ್ಮ ಕಮಿಟಿಯಲ್ಲಿ ಕಾರವಾರ ಕಡೆಯವರೊಬ್ಬರಿದ್ದಾರೆ. ಮಾತು ಕಡಿಮೆ. ಪಟ್ಟಿ ಕೈಗೆ ಬಂದಾಗ ಆ ಸಾಲಿನ ಮೇಲೆ ಬೆರಳಿಟ್ಟು, "ಈ ಹೆಸರಿಗೆ ನಾನು ನಿಲ್ಲೂದಿಲ್ಲ" ಅಂದರು.

ಕೈಗಾ. ಅವರ ಅಜ್ಜನ ಮನೆ ಕಾಳಿ ನದಿಯ ಬದಿಗೆ. ಅಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರದ ಕೆಲಸ ಶುರುವಾದದ್ದು ಇದೇ ಶ್ರೀನಿವಾಸನ್ ಕಾಲದಲ್ಲಿ. ಶಿವರಾಮ ಕಾರಂತರು ಅದರ ವಿರುದ್ಧ 1989ರಲ್ಲಿ ಲೋಕಸಭೆಗೇ ನಿಂತರು, ಸೋತರು. ಆ ಚುನಾವಣೆಯಲ್ಲಿ ಇವರು ಕಾಲೇಜು ಬಿಟ್ಟು ಊರೂರು ಸುತ್ತಿ ಗೋಡೆಗೆ ಪೋಸ್ಟರ್ ಅಂಟಿಸಿದ ಹುಡುಗ. "ಕಾರಂತರು ಹೋದಾಗ ನಿಂತಿದ್ದೆ. ಇವರಿಗೂ ನಿಂತರೆ ಆಗ ನಿಂತದ್ದಕ್ಕೆ ಅರ್ಥ ಎಂತ ಉಂಟು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅಧ್ಯಕ್ಷರು ಸತ್ತವರ ಮೇಲೆ ಎಂಥ ಸಿಟ್ಟು ಅಂತ ಸಮಾಧಾನಕ್ಕೆ ಹೊರಟರು. ನಾನು ತಡೆದೆ. ಕೆಲಸದಿಂದ ನೆನಪಿಡುತ್ತೇವೆ ಅಂತ ನಿಯಮ ಮಾಡಿದವನು ನಾನೇ. ಇವರೂ ಕೆಲಸದಿಂದಲೇ ನೆನಪಿಟ್ಟಿದ್ದಾರೆ. ಈ ಫ್ಯಾನು ತಿರುಗಿಸುವ ಕರೆಂಟು, ಅವರ ಅಜ್ಜನ ಹೊಳೆ, ಎರಡೂ ಆ ಒಂದು ಹೆಸರಿನ ಹಿಂದೆ ಇವೆ. ಹೆಸರು ಉಳಿಸಿದೆ. ವಾಕ್ಯದಲ್ಲಿ ತಾರಾಪುರದ ಪಕ್ಕ ಕೈಗಾ ಅಂತಲೂ ಸೇರಿಸಿದೆ. "ನಿಲ್ಲುವುದು ಬಿಡುವುದು ನಿಮಗೆ ಬಿಟ್ಟದ್ದು" ಅಂದೆ. ಅವರು ಚಹಾ ಕುಡಿದು ಹೋದರು.

ಎಸ್.ಎಲ್. ಭೈರಪ್ಪ ಅಂದರೂ ನಮ್ಮಲ್ಲಿ ಎರಡು ಪಂಗಡ. ಒಂದು ಪಂಗಡ ಅವರ ಕಾದಂಬರಿಗಳನ್ನು ದೇವರ ಕೋಣೆಯಲ್ಲಿ ಇಡುವಂಥದ್ದು, ಇನ್ನೊಂದು ಹೆಸರು ಕೇಳಿದರೆ ಮುಖ ತಿರುಗಿಸುವಂಥದ್ದು. 2025ರ ಸೆಪ್ಟೆಂಬರ್ 24ಕ್ಕೆ ಬೆಂಗಳೂರಿನಲ್ಲಿ ಹೋದಾಗ ನಮ್ಮ ಗುಂಪಿನಲ್ಲಿ ಸಂಜೆವರೆಗೆ ಇದೇ ಜಗಳ. ಆದರೆ ಅವರ ವಾಕ್ಯಕ್ಕೆ ಎರಡೂ ಪಂಗಡ ಸುಮ್ಮನಾಯಿತು. 'ಹೈಸ್ಕೂಲಿನ ದಿನಗಳಲ್ಲಿ ಊರು ಬಿಟ್ಟು ಅಲೆಯುತ್ತಾ ಮುಂಬಯಿಗೆ ಬಂದು, ರೈಲ್ವೆಯಲ್ಲಿ ಹಮಾಲಿ ಮಾಡಿದವರು.' ಇದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡದ್ದು. ತಾಯಿಯನ್ನು, ಒಡಹುಟ್ಟಿದವರನ್ನು ಪ್ಲೇಗಿಗೆ ಕಳೆದುಕೊಂಡಿದ್ದ ಹುಡುಗ. ಇಲ್ಲಿಂದ ಸಾಧುಗಳ ಗುಂಪಿನ ಜೊತೆ ಕೆಲವು ತಿಂಗಳು ತಿರುಗಿ, ಮತ್ತೆ ಮೈಸೂರಿಗೆ ಹೋಗಿ ಓದು ಹಿಡಿದ. ಆ ಹುಡುಗನನ್ನು ಪ್ಲಾಟ್‌ಫಾರಂ ಮೇಲೆ ಯಾರಾದರೂ ಗದರಿರುತ್ತಾರೆ, ನಾಲ್ಕಾಣೆಗೆ ಚೌಕಾಸಿ ಮಾಡಿರುತ್ತಾರೆ. ಎಚ್.ಎಸ್. ವೆಂಕಟೇಶಮೂರ್ತಿಯವರ ಭಾವಗೀತೆಯನ್ನು ನಮ್ಮ ಹುಡುಗಿಯರು ಹಾಡುವವರಿದ್ದರು, ಹಾಗಾಗಿ ಅವರಿಗೆ ನನ್ನ ವಾಕ್ಯದ ಅಗತ್ಯ ಬೀಳಲಿಲ್ಲ.

ಕಷ್ಟ ಬಂದದ್ದು ನಮ್ಮವರ ಸಾಲಿಗೆ. ಈ ಸಲ 11 ಜನ. ಪ್ರತಿ ಮನೆಗೆ ಫೋನ್ ಮಾಡಿದೆ. ಒಬ್ಬ ಅಕ್ಕ, "ನಮ್ಮವರಿಗೆ ಯಾವ ಪ್ರಶಸ್ತಿಯೂ ಬಂದಿಲ್ಲ ಅಣ್ಣ, ಏನು ಹೇಳ್ತೀರಿ?" ಅಂದರು. ಬಂದವರದ್ದೂ ಹೇಳುವುದಿಲ್ಲ ಅಕ್ಕ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ಸಿನದ್ದು ಹೇಳಿ" ಅಂದರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಅದಕ್ಕೂ ಮೊದಲು ಮೇ ರಜೆಗೆ ಉಡುಪಿಗೆ ಹೋಗುವುದು ಅಂದರೆ ರಾತ್ರಿ ಹಗಲು ಬಸ್ಸು. ಈಕೆಯ ಗಂಡ ಪ್ರತಿ ವರ್ಷ ನಮ್ಮ ಕಡೆಯವರಿಗೆಲ್ಲ ಸೇರಿ ಒಂದು ಬಸ್ಸು ಗೊತ್ತುಮಾಡುತ್ತಿದ್ದರು. ಹಳೆಯ ಲೆಡ್ಜರಿನ ಹಾಳೆಯಲ್ಲಿ ಸೀಟಿನ ನಕ್ಷೆ ಬರೆಯುತ್ತಿದ್ದರು. ವಾಂತಿ ಮಾಡುವ ಮಕ್ಕಳಿಗೆ ಕಿಟಕಿ. ಗರ್ಭಿಣಿಯರಿಗೆ ಮಧ್ಯದ ಸಾಲು. ತಮಗೆ ಕೊನೆಯ ಸೀಟು, ಟಯರಿನ ಮೇಲೆ. ನಾನೂ ಆ ಕಿಟಕಿಯ ಮಗುವಿನ ಅಪ್ಪ.

ಕಾರ್ಯಕ್ರಮದ ದಿನ ಓದಿ ಮುಗಿಸಲು ಏಳು ನಿಮಿಷ ಹಿಡಿಯಿತು. ಕಾರ್ಯದರ್ಶಿ ಎರಡು ಸಲ ವಾಚು ತೋರಿಸಿದರು. ಬೆನಗಲ್ ವಾಕ್ಯಕ್ಕೆ ಮುಂದಿನ ಸಾಲಿನಲ್ಲಿ ಯಾರೋ ನಕ್ಕ ಹಾಗೆ ಕೇಳಿಸಿತು. ಬಸ್ಸಿನ ವಾಕ್ಯಕ್ಕೆ ಹಾಲಿನ ನಾಲ್ಕೈದು ಕಡೆಯಿಂದ 'ಹೌದು ಹೌದು' ಅನ್ನುವ ದನಿ ಬಂತು. ನುಡಿನಮನದಲ್ಲಿ ಹಾಗೆಲ್ಲ ಮಾತಾಡಬಾರದು, ಆದರೂ ಬಂತು. ಎಲ್ಲರೂ ಎದ್ದು ನಿಂತರು. ಕಾರವಾರದವರನ್ನು ಕಣ್ಣಲ್ಲೇ ಹುಡುಕಿದೆ. ಅವರು ಹಿಂದಿನ ಬಾಗಿಲ ಬಳಿ ಊಟದ ಕೂಪನ್ ಹಂಚುತ್ತಾ ಮೊದಲಿನಿಂದಲೂ ನಿಂತೇ ಇದ್ದರು. ಅವರು ಯಾರಿಗಾಗಿ ನಿಂತರು, ಯಾರಿಗೆ ನಿಲ್ಲಲಿಲ್ಲ, ದೇವರಿಗೇ ಗೊತ್ತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡದ್ದು 50 ಸೆಕೆಂಡಿಗೆ.

ಊಟದ ಸಾಲಿನಲ್ಲಿ ನನ್ನ ತೋಳು ಹಿಡಿದು ಎಳೆದವರು ಆ ದಿನ ಸನ್ಮಾನ ಮಾಡಿಸಿಕೊಂಡ ಅಜ್ಜ. 86 ವರ್ಷ. ತಲೆಯಲ್ಲಿ ಮೈಸೂರು ಪೇಟ, ಹೆಗಲಲ್ಲಿ ಶಾಲು, ಕೈಯಲ್ಲಿ ಜಿಲೇಟಿನ್ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. 13ನೇ ವಯಸ್ಸಿಗೆ ಮುಂಬಯಿಗೆ ಬಂದವರು.

"ಆ ಬರೆಯುವವರು, ಭೈರಪ್ಪ, ಯಾವ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿದ್ದು? ಬೋರಿಬಂದರಾ, ಸೆಂಟ್ರಲಾ?" ಅಂದರು. ನನ್ನ ಉತ್ತರಕ್ಕೆ ಕಾಯಲಿಲ್ಲ. "ನಾನು ಬೈಕಲಾ ಮಾರ್ಕೆಟಿನಿಂದ ಗ್ರಾಂಟ್ ರೋಡಿನ ಹೋಟೆಲಿಗೆ ಎರಡು ವರ್ಷ ತರಕಾರಿ ಹೊತ್ತಿದ್ದೇನೆ. ಬದನೆ, ಬಟಾಟೆ, ನೀರುಳ್ಳಿ. ನಡೆದುಕೊಂಡೇ. ಸಿಂಬೆ ಸರಿಯಾಗಿ ಕಟ್ಟದಿದ್ದರೆ ಕುತ್ತಿಗೆ ಹೋಗ್ತದೆ. ಅವರಿಗೆ ಯಾರು ಕಲಿಸಿದರೋ."

ಪೇಟ ತೆಗೆದು ನನ್ನ ಕೈಗೆ ಕೊಟ್ಟರು. ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟರು. ಹೆಗಲ ಶಾಲು ಎಳೆದು ಉದ್ದಕ್ಕೆ ಹಿಂಡಿದ ಹಾಗೆ ತಿರುಚಿದರು, ಜರಿಯ ಅಂಚು ಒಳಗೆ ಹೋಗುವ ಹಾಗೆ. ಎರಡು ಸುತ್ತು ಸುತ್ತಿ ತುದಿ ಒಳಗೆ ಸಿಕ್ಕಿಸಿದರು. "ಇಲ್ಲಿ ಗಂಟು ಬರಬಾರದು, ನೋಡಿ, ಇಲ್ಲಿ. ಬಂದರೆ ಅದೇ ಒತ್ತುದು." ಬೋಳು ತಲೆಯ ಮೇಲೆ ಇಟ್ಟುಕೊಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಕೂರಿಸಿದರು. ಹಿಂದಿನಿಂದ ಸೊಸೆ, "ಮಾವ, ಎಂತ ಮಾಡ್ತಾ ಇದ್ದೀರಿ, ಎಲ್ಲರೂ ನೋಡ್ತಾರೆ" ಅಂದಳು.

"ಆ ಬುಟ್ಟಿ ಎತ್ತಿ ಕೊಡಿ" ಅಂದರು ನನಗೆ.

ಎತ್ತಿ ಇಟ್ಟೆ. ಸೇಬು, ಮೂಸಂಬಿ, ಮಧ್ಯದಲ್ಲಿ ಒಂದು ಅನಾನಸು. ಅಜ್ಜ ಬಡಿಸುವ ಟೇಬಲ್ಲಿನ ಕಡೆಗೆ ನಾಲ್ಕು ಹೆಜ್ಜೆ ನಡೆದರು, ಮೆಲ್ಲಗೆ, ಸೊಂಟದಿಂದ ಮೇಲೆ ಏನೂ ಅಲುಗಾಡದೆ. ಐದನೆಯ ಹೆಜ್ಜೆಗೆ ಎರಡೂ ಕೈ ಬಿಟ್ಟರು.